ಪುಕ್ಕಟೆ ಟ್ರಿಪ್ ಅಂದಿದ್ದರು, 26ಎಎಸ್‌ನಲ್ಲಿ ಒಂದೂವರೆ ಲಕ್ಷ ಆದಾಯ ತೋರಿಸುತ್ತಿದೆ!

ಪ್ರಶ್ನೆ: ಸರ್, ನಾನು ದಾವಣಗೆರೆಯವಳು. ಆರು ವರ್ಷದಿಂದ ಒಂದು ಡೈರೆಕ್ಟ್ ಸೆಲ್ಲಿಂಗ್ ಕಂಪನಿಯ ಕ್ರೀಮು, ಶಾಂಪೂ, ಪ್ರೋಟೀನ್ ಪೌಡರ್ ಮಾರುತ್ತೇನೆ. ನನ್ನ ಕೆಳಗೆ ನಲವತ್ತು ಜನರ ಟೀಮ್ ಇದೆ. 2025-26ರಲ್ಲಿ 4,20,000 ರೂಪಾಯಿ ಕಮಿಷನ್ ಬಂದಿದೆ. ಟಾರ್ಗೆಟ್ ಮುಟ್ಟಿದ್ದಕ್ಕೆ ಆಗಸ್ಟ್‌ನಲ್ಲಿ ಒಂದು ಮಿಕ್ಸರ್ ಕೊಟ್ಟರು, ಬಿಲ್ಲಿನಲ್ಲಿ 6,000 ಅಂತ ಇತ್ತು. ಜನವರಿಯಲ್ಲಿ ನನ್ನನ್ನೂ ಯಜಮಾನರನ್ನೂ ಐದು ದಿನ ಬ್ಯಾಂಕಾಕ್, ಪಟ್ಟಾಯಕ್ಕೆ ಕರೆದುಕೊಂಡು ಹೋದರು. ಮಗಳ ಪ್ಯಾಕೇಜಿಗೆ ಮಾತ್ರ ನಾವೇ ಟ್ರಾವೆಲ್ಸ್‌ನವರಿಗೆ 42,000 ಕಟ್ಟಿದೆವು. ಕಂಪನಿ ಪತ್ರದಲ್ಲಿ ನಮ್ಮಿಬ್ಬರ ಟ್ರಿಪ್ಪಿನ ಬೆಲೆ 1,29,000 ಎಂದಿದೆ. ಈಗ 26ಎಎಸ್ (ನನ್ನ ಪ್ಯಾನ್ ಹೆಸರಲ್ಲಿ ಜಮೆಯಾದ ತೆರಿಗೆಯ ಪಟ್ಟಿ) ತೆಗೆಸಿದರೆ 194ಆರ್ ಎಂಬ ಹೆಸರಲ್ಲಿ 1,50,000 ರೂಪಾಯಿ ತೋರಿಸುತ್ತಿದೆ. 21,000 ಹೆಚ್ಚಿಗೆ ಎಲ್ಲಿಂದ ಬಂತು? ಒಂದು ಪೈಸೆಯೂ ಕೈಗೆ ಬಾರದ ಟ್ರಿಪ್ಪಿಗೆ ತೆರಿಗೆ ಯಾಕೆ? ಯಜಮಾನರ ಪಾಲು ಅವರ ಲೆಕ್ಕಕ್ಕೆ ಹೋಗಬೇಕಲ್ಲವೇ? ಪ್ರತಿವರ್ಷ ರಿಟರ್ನ್ ಹಾಕಿಕೊಡುವ ಸೈಬರ್ ಸೆಂಟರ್ ಹುಡುಗ, 'ಅಕ್ಕಾ, ಇತರೆ ಆದಾಯ ಅಂತ ಐಟಿಆರ್-1ರಲ್ಲಿ ಹಾಕಿಬಿಡ್ತೀನಿ, ಏನೂ ಆಗಲ್ಲ' ಅನ್ನುತ್ತಾನೆ. ಮುಂದಿನ ಸಲ ದುಬೈ ಅಂತಿದ್ದಾರೆ. ಬೇಡ ಅಂದುಬಿಡಲೇ?

ಉತ್ತರ: ಮೊದಲು ಗಾಬರಿ ಬಿಡಿ. ನೀವು ಬರೆದಿರುವ ಅಂಕಿಗಳೇ ಸರಿಯಾದರೆ ನೀವು ಕೈಯಿಂದ ಏನೂ ಕಟ್ಟಬೇಕಿಲ್ಲ, ಇಲಾಖೆಯಿಂದ ನಿಮಗೇ ದುಡ್ಡು ವಾಪಸ್ ಬರಬೇಕು. ಆದರೆ ಸೈಬರ್ ಸೆಂಟರ್ ಹುಡುಗನ ದಾರಿ ಹಿಡಿದರೆ ಅದು ಬರುವುದು ಕಷ್ಟ.

ಆ 21,000ದ ಗಂಟು ಬಿಚ್ಚೋಣ. ಅದರಲ್ಲಿ 6,000 ನಿಮ್ಮ ಮಿಕ್ಸರ್. ಒಂದು ಹಣಕಾಸು ವರ್ಷದಲ್ಲಿ ಒಬ್ಬರಿಗೆ ಕೊಟ್ಟ ಇನಾಮುಗಳ ಒಟ್ಟು ಮೌಲ್ಯ 20,000 ರೂಪಾಯಿ ದಾಟುವವರೆಗೆ ಕಂಪನಿ ಟಿಡಿಎಸ್ (ಕೊಡುವವರೇ ಮುಂಚೆ ಕಡಿದು ಸರ್ಕಾರಕ್ಕೆ ಕಟ್ಟುವ ತೆರಿಗೆ) ಕಡಿಯಬೇಕಿಲ್ಲ. ಹಾಗಾಗಿ ಆಗಸ್ಟ್‌ನಲ್ಲಿ ಮಿಕ್ಸರ್ ಸದ್ದಿಲ್ಲದೆ ಮನೆಗೆ ಬಂತು. ಜನವರಿಯಲ್ಲಿ ಟ್ರಿಪ್ ಸೇರಿಕೊಂಡು ಮಿತಿ ದಾಟಿದ ಕೂಡಲೇ ಹಳೆಯ ಮಿಕ್ಸರೂ ಲೆಕ್ಕಕ್ಕೆ ಬಂತು: 1,29,000 ಮತ್ತು 6,000, ಒಟ್ಟು 1,35,000. ಇದರ ಮೇಲೆ ಶೇ. 10 ಟಿಡಿಎಸ್ ಹೋಗಬೇಕು. ಮಿಕ್ಸರನ್ನು ಮುರಿದು ಹತ್ತನೇ ಒಂದು ಭಾಗ ಸರ್ಕಾರಕ್ಕೆ ಕಳಿಸಲು ಆಗುವುದಿಲ್ಲವಲ್ಲ, ಅದಕ್ಕೆ ಕಾನೂನು ಎರಡು ದಾರಿ ಕೊಟ್ಟಿದೆ. ಒಂದು, ನೀವೇ ಮುಂಗಡ ತೆರಿಗೆ ಕಟ್ಟಿ ಚಲನ್ ತೋರಿಸಿದ ಮೇಲೆ ಕಂಪನಿ ಟಿಕೆಟ್ ಕೊಡುವುದು. ಎರಡು, ಕಂಪನಿ ತನ್ನ ಕೈಯಿಂದಲೇ ತೆರಿಗೆ ತುಂಬುವುದು. ನಿಮ್ಮ ಕಂಪನಿ ಎರಡನೆಯದನ್ನು ಮಾಡಿದೆ. ನಿಮ್ಮ ತೆರಿಗೆಯನ್ನು ಇನ್ನೊಬ್ಬರು ಕಟ್ಟಿದರೆ ಅದೂ ನಿಮಗಾದ ಲಾಭವೇ. ಆದ್ದರಿಂದ ತೆರಿಗೆ ಕಳೆದ ಮೇಲೆ 1,35,000 ಉಳಿಯುವಂಥ ಮೊತ್ತ ಹುಡುಕಬೇಕು. ಅದು 1,50,000. ಅದರ ಶೇ. 10 ಅಂದರೆ 15,000 ನಿಮ್ಮ ಪ್ಯಾನ್ ಹೆಸರಿನಲ್ಲಿ ಜಮೆಯಾಗಿದೆ. 26ಎಎಸ್‌ನಲ್ಲಿ ಪಕ್ಕದ ಕಾಲಂ ನೋಡಿ, ಆ 15,000 ಅಲ್ಲೇ ಕೂತಿರುತ್ತದೆ. 6,000 ಮಿಕ್ಸರ್, 15,000 ತೆರಿಗೆ, ನಿಮ್ಮ 21,000 ಸರಿಹೋಯಿತು.

ಕಂಪನಿ ಮೋಸ ಮಾಡಿಲ್ಲ. ಮಾಡಬೇಕಾದ್ದನ್ನು ಮಾಡಿ ನಿಮಗೆ ಒಂದು ಸಾಲಿನ ವಿವರಣೆ ಕೊಟ್ಟಿಲ್ಲ, ಅಷ್ಟೆ. ಈ ಕೊರತೆ ನಾನು ನೋಡಿದ ಎಷ್ಟೋ ಕಂಪನಿಗಳಲ್ಲಿದೆ. ವೇದಿಕೆಯ ಮೇಲೆ ಹಾರ ಹಾಕುವಾಗ ಇರುವ ಉತ್ಸಾಹ 16ಎ ಫಾರಂ, ಅಂದರೆ ಟಿಡಿಎಸ್ ಪ್ರಮಾಣಪತ್ರ ಕಳಿಸುವಾಗ ಇರುವುದಿಲ್ಲ.

ಇನ್ನು, ಕೈಗೆ ದುಡ್ಡೇ ಬರದೆ ತೆರಿಗೆ ಯಾಕೆ ಎಂಬ ಮಾತು. ಇದು ಹೊಸ ತೆರಿಗೆ ಎಂದು ಬಹಳ ಜನ ತಿಳಿದಿದ್ದಾರೆ. ಅಲ್ಲ. ವ್ಯಾಪಾರ, ವೃತ್ತಿಯಿಂದ ಸಿಗುವ ಯಾವ ಸವಲತ್ತೇ ಆಗಲಿ, ಅದು ಹಣವಾಗಿ ಬದಲಾಗುವಂಥದ್ದಿರಲಿ ಇಲ್ಲದಿರಲಿ, ಅದರ ಮೌಲ್ಯ ವ್ಯಾಪಾರದ ಆದಾಯ ಎಂದು 28(iv) ಕಲಮು 1964ರಿಂದಲೇ ಹೇಳುತ್ತಿದೆ. ಪಟ್ಟಾಯದ ಸಮುದ್ರದಂಡೆಯಲ್ಲಿ ಕಳೆದ ಸಂಜೆಯನ್ನು ಯಾರಿಗೂ ಮಾರಲು ಆಗದಿದ್ದರೂ ಅದು ಆದಾಯ. ಆದರೆ ಹೇಳುವವರು ಕೇಳುವವರು ಇರಲಿಲ್ಲ. ಕಂಪನಿ ಟ್ರಿಪ್ಪಿನ ಖರ್ಚನ್ನು ಮಾರಾಟ ಪ್ರಚಾರ ಎಂದು ಬರೆದು ತನ್ನ ಲಾಭದಲ್ಲಿ ಕಳೆದುಕೊಳ್ಳುತ್ತಿತ್ತು, ಹೋಗಿಬಂದವರು ರಿಟರ್ನಿನಲ್ಲಿ ತೋರಿಸುತ್ತಿರಲಿಲ್ಲ. ಈ ತೂತು ಮುಚ್ಚಲೆಂದೇ 2022ರ ಜುಲೈ 1ರಿಂದ 194ಆರ್ ಎಂಬ ಟಿಡಿಎಸ್ ಕಲಮು ಬಂತು. ಅದರಿಂದ ತೆರಿಗೆ ಹೊಸದಾಗಿ ಹುಟ್ಟಲಿಲ್ಲ, ಮೊದಲಿಂದ ಇದ್ದ ತೆರಿಗೆ ಇಲಾಖೆಯ ಕಣ್ಣಿಗೆ ಬೀಳತೊಡಗಿತು.

ಹೀಗಾಗಿ 20,000ದ ಮಿತಿಯನ್ನೂ ತಪ್ಪಾಗಿ ತಿಳಿಯಬೇಡಿ. ಅದು ಕಂಪನಿ ಟಿಡಿಎಸ್ ಕಡಿಯುವ ಮಿತಿ, ನಿಮಗೆ ತೆರಿಗೆ ವಿನಾಯಿತಿಯ ಮಿತಿಯಲ್ಲ. ಟ್ರಿಪ್ ಬಾರದೆ ಬರೀ ಮಿಕ್ಸರ್ ಬಂದಿದ್ದರೂ ಆ 6,000 ನಿಮ್ಮ ವ್ಯಾಪಾರದ ಆದಾಯಕ್ಕೆ ಸೇರಬೇಕಿತ್ತು. 'ಗಿಫ್ಟಿಗೆ 50,000ದವರೆಗೆ ಟ್ಯಾಕ್ಸ್ ಇಲ್ಲ' ಎಂದು ನಿಮ್ಮ ಮೀಟಿಂಗ್‌ಗಳಲ್ಲಿ ಯಾರಾದರೂ ಹೇಳಿಯೇ ಇರುತ್ತಾರೆ. ಆ ನಿಯಮ ನೆಂಟರಲ್ಲದವರು ಸುಮ್ಮನೆ ಕೊಟ್ಟ ಉಡುಗೊರೆಗೆ. ನಿಮಗೆ ಯಾರೂ ಸುಮ್ಮನೆ ಕೊಟ್ಟಿಲ್ಲ, ಟಾರ್ಗೆಟ್ ಮುಟ್ಟಿದ್ದಕ್ಕೆ ಕೊಟ್ಟಿದ್ದಾರೆ. ನೌಕರರಿಗೆ ಸಿಗುವ ಸಣ್ಣಪುಟ್ಟ ರಿಯಾಯಿತಿಗಳೂ ನಿಮಗಿಲ್ಲ, ಏಕೆಂದರೆ ನೀವು ನೌಕರರಲ್ಲ. 2021ರ ಡೈರೆಕ್ಟ್ ಸೆಲ್ಲಿಂಗ್ ನಿಯಮಗಳ ಪ್ರಕಾರ ಕಂಪನಿಗೂ ನಿಮಗೂ ಇರುವುದು ಇಬ್ಬರು ಸ್ವತಂತ್ರ ವ್ಯಾಪಾರಿಗಳ ನಡುವಿನ ಲಿಖಿತ ಒಪ್ಪಂದ.

ಇಲ್ಲಿ ಇನ್ನೊಂದು ಎಚ್ಚರಿಕೆ. ಟಾರ್ಗೆಟ್ ಮುಟ್ಟಿದವರ ಚೀಟಿ ಎತ್ತಿ ಒಬ್ಬರಿಗೆ ಸ್ಕೂಟರ್ ಕೊಡುವ ಪದ್ಧತಿ ಕೆಲವು ಕಡೆ ಇದೆ. ಚೀಟಿ ಎತ್ತಿದರೆ ಅದು ಅದೃಷ್ಟದ ಬಹುಮಾನ, ಲಾಟರಿಯ ಸಾಲಿಗೆ ಹೋಗುತ್ತದೆ. ಅದಕ್ಕೆ ನೇರ ಶೇ. 30 ತೆರಿಗೆ, ಮೇಲೆ ಸೆಸ್. ನಿಮ್ಮ ಒಟ್ಟು ಆದಾಯ ಎಷ್ಟೇ ಕಡಿಮೆ ಇದ್ದರೂ ಅದರಲ್ಲಿ ಬಿಡುಗಡೆ ಇಲ್ಲ. ಅದೇ ಸ್ಕೂಟರನ್ನು ಮಾರಾಟದ ಲೆಕ್ಕದ ಮೇಲೆ ಕೊಟ್ಟಿದ್ದರೆ ಸಾಮಾನ್ಯ ಸ್ಲ್ಯಾಬ್ ದರ.

ಯಜಮಾನರ ಪಾಲಿನ ವಿಷಯ. ಪುಕ್ಕಟೆ ಸಿಕ್ಕರೆ ನನಗೊಂದಿರಲಿ, ನಮ್ಮಪ್ಪನಿಗೊಂದಿರಲಿ ಎಂಬ ಗಾದೆ ಆದಾಯ ತೆರಿಗೆಯವರಿಗೂ ಗೊತ್ತು. ಅವರು ಎರಡನ್ನೂ ನಿಮ್ಮ ಹೆಸರಿಗೇ ಬರೆಯುತ್ತಾರೆ. ಟಾರ್ಗೆಟ್ ಮುಟ್ಟಿದವರಿಗೂ ಅವರ ಮನೆಯವರಿಗೂ ಪ್ರಾಯೋಜಿಸುವ ಪ್ರವಾಸ 194ಆರ್‌ಗೆ ಒಳಪಡುತ್ತದೆ ಎಂದು ನೇರ ತೆರಿಗೆ ಮಂಡಳಿ 2022ರ ಜೂನ್ 16ರ 12ನೇ ಸುತ್ತೋಲೆಯಲ್ಲಿ ಉದಾಹರಣೆ ಸಮೇತ ಹೇಳಿದೆ. ಟಿಕೆಟಿನ ಮೇಲೆ ಹೆಸರು ಯಾರದ್ದೇ ಇರಲಿ, ಅದು ಹುಟ್ಟಿದ್ದು ನಿಮ್ಮ ವ್ಯಾಪಾರದಿಂದ. ಯಜಮಾನರು ತಮ್ಮ ರಿಟರ್ನಿನಲ್ಲಿ ಏನೂ ತೋರಿಸಬೇಕಿಲ್ಲ. ನೀವು ಹೋಗದೆ ತಂಗಿಯನ್ನೂ ಭಾವನನ್ನೂ ಕಳಿಸಿದ್ದರೂ ಆದಾಯ ನಿಮ್ಮದೇ ಆಗುತ್ತಿತ್ತು.

ನಿಮ್ಮ ಆಹ್ವಾನ ಪತ್ರದ ಮೇಲೆ 'ಲೀಡರ್‌ಶಿಪ್ ಕಾನ್ಫರೆನ್ಸ್' ಎಂದು ಅಚ್ಚಾಗಿದೆಯೇ ನೋಡಿ. ಬಹುಪಾಲು ಆಗಿರುತ್ತದೆ. ಇಂಥ ಒಂದು ಕಾರ್ಯಕ್ರಮಪಟ್ಟಿ ನನ್ನ ಮೇಜಿನ ಮೇಲೇ ಇದೆ, ನಿಮ್ಮ ಕಂಪನಿಯದಲ್ಲ. ಮೊದಲ ದಿನ ಹೋಟೆಲ್, ಸಂಜೆ ಬೀಚ್. ಎರಡನೇ ದಿನ ಬೆಳಿಗ್ಗೆ ಹತ್ತರಿಂದ ಒಂದರವರೆಗೆ ಹಾಲ್‌ನಲ್ಲಿ ಮೀಟಿಂಗ್, ಸನ್ಮಾನ, ಗುಂಪು ಫೋಟೋ. ಮೂರನೇ ದಿನ ಕೋರಲ್ ಐಲ್ಯಾಂಡ್‌ಗೆ ಬೋಟ್. ನಾಲ್ಕನೇ ದಿನ ಸಫಾರಿ ವರ್ಲ್ಡ್. ಐದನೇ ದಿನ ಶಾಪಿಂಗ್ ಮುಗಿಸಿ ವಿಮಾನ. ಹೊಸ ಸಾಮಾನಿನ ಬಗ್ಗೆ ಮಾರಾಟಗಾರರಿಗೆ ತಿಳಿಸಲು, ತಂತ್ರ ಕಲಿಸಲು ನಡೆಸುವ ನಿಜವಾದ ಸಮ್ಮೇಳನಕ್ಕೆ 194ಆರ್ ಅನ್ವಯಿಸದು ಎಂದು ಅದೇ ಸುತ್ತೋಲೆಯಲ್ಲಿದೆ. ಅಲ್ಲೇ ಒಂದು ಬೀಗವೂ ಇದೆ: ಟಾರ್ಗೆಟ್ ಮುಟ್ಟಿದ ಆಯ್ದ ಕೆಲವರಿಗೆ ಇನಾಮಿನ ರೂಪದಲ್ಲಿ ಮಾಡಿದ್ದರೆ ಅದು ಸಮ್ಮೇಳನ ಅನ್ನಿಸಿಕೊಳ್ಳುವುದಿಲ್ಲ. ನಿಜವಾದ ಸಮ್ಮೇಳನದಲ್ಲೂ ಮೋಜಿನ ಭಾಗ, ಮನೆಯವರ ಖರ್ಚು, ಮುಂಚೆ ಹೋಗಿ ಅಥವಾ ಆಮೇಲೆ ಉಳಿದುಕೊಂಡ ದಿನಗಳ ಖರ್ಚು ಸವಲತ್ತೇ. ಪ್ರಯಾಣಕ್ಕೆಂದು ಹಿಂದಿನ ಒಂದು ದಿನ, ಮುಂದಿನ ಒಂದು ದಿನ ಮಾತ್ರ ಬಿಡಬಹುದು ಎಂದು 2022ರ ಸೆಪ್ಟೆಂಬರಿನ 18ನೇ ಸುತ್ತೋಲೆ ಸಡಿಲ ಮಾಡಿತು. ಹಾಗಾಗಿ ನಿಮ್ಮ ಪಟ್ಟಾಯ ಟ್ರಿಪ್ಪನ್ನು ಸಮ್ಮೇಳನ ಎಂದು ವಾದಿಸಲು ಹೋಗಬೇಡಿ. ಅದೇ ವೇಳೆ, ಕಂಪನಿಯವರು ಹುಬ್ಬಳ್ಳಿಯಲ್ಲೋ ಬೆಂಗಳೂರಲ್ಲೋ ಎಲ್ಲ ಮಾರಾಟಗಾರರನ್ನೂ ಕರೆದು ಒಂದು ದಿನ ತರಬೇತಿ ಕೊಟ್ಟು ಊಟ ಹಾಕಿದರೆ ಅದಕ್ಕೆ ಇದು ಯಾವುದೂ ತಟ್ಟುವುದಿಲ್ಲ.

ಮೌಲ್ಯದ ಬಗ್ಗೆ ನೀವು ಕೇಳಿಲ್ಲ, ಆದರೆ ಕೇಳಬೇಕಿತ್ತು. ವೇದಿಕೆಯಲ್ಲಿ 'ಎರಡು ಲಕ್ಷದ ಟ್ರಿಪ್' ಎಂದು ಕೂಗುತ್ತಾರಲ್ಲ, ಆ ಬೆಲೆ ಲೆಕ್ಕಕ್ಕಿಲ್ಲ. ಕಂಪನಿ ಹೊರಗಿನಿಂದ ಕೊಂಡದ್ದಾದರೆ ಅದು ಕೊಟ್ಟ ಖರೀದಿ ಬೆಲೆಯೇ ಮೌಲ್ಯ. ಇನ್ನೂರು ಜನರಿಗೆ ಒಟ್ಟಿಗೆ ಬುಕ್ ಮಾಡಿ ಅಗ್ಗಕ್ಕೆ ಸಿಕ್ಕಿದ್ದರೆ ಆ ಅಗ್ಗದ ಬೆಲೆ. ಟಿಡಿಎಸ್‌ಗಾಗಿ ಮೌಲ್ಯ ಕಟ್ಟುವಾಗ ಜಿಎಸ್‌ಟಿ ಸೇರಿಸುವಂತಿಲ್ಲ. ನಿಮ್ಮ ಪತ್ರದ 1,29,000ದಲ್ಲಿ ಜಿಎಸ್‌ಟಿ ಸೇರಿದೆಯೇ ಎಂದು ಒಂದು ಇಮೇಲ್ ಹಾಕಿ ಕೇಳಿ. ಸೇರಿದ್ದರೆ ಕಂಪನಿ ತನ್ನ ಟಿಡಿಎಸ್ ವಿವರಪಟ್ಟಿ ತಿದ್ದಬೇಕು. ನೀವಾಗಿಯೇ ರಿಟರ್ನಿನಲ್ಲಿ ಕಡಿಮೆ ತೋರಿಸಿದರೆ ಇಲಾಖೆಯ ಕಂಪ್ಯೂಟರ್ ಎರಡನ್ನೂ ತಾಳೆ ನೋಡಿ ನೋಟಿಸ್ ಕಳಿಸುತ್ತದೆ.

ಈಗ ರಿಟರ್ನ್. ಸೈಬರ್ ಸೆಂಟರ್ ಹುಡುಗನಿಗೆ ನನ್ನ ಕಡೆಯಿಂದ ಹೇಳಿ: ಐಟಿಆರ್-1ರಲ್ಲಿ ವ್ಯಾಪಾರದ ಆದಾಯ ತೋರಿಸಲು ಜಾಗವೇ ಇಲ್ಲ. ನಿಮ್ಮ ಕಮಿಷನ್ನೂ ವ್ಯಾಪಾರದ ಆದಾಯ, ಟ್ರಿಪ್ಪೂ ವ್ಯಾಪಾರದ ಆದಾಯ. 194ಎಚ್ (ಕಮಿಷನ್ ಮೇಲಿನದು), 194ಆರ್ ಎರಡರ ಟಿಡಿಎಸ್ ಕೇಳಿಕೊಂಡು ಐಟಿಆರ್-1 ಹಾಕಿದರೆ ದೋಷಪೂರಿತ ರಿಟರ್ನ್ ಎಂಬ ನೋಟಿಸ್ ಬರುವ ಸಂಭವವಿದೆ. ಸ್ವಲ್ಪ ತಿಳಿದವರು ಐಟಿಆರ್-4 ಹಾಕಿ, ಅಂದಾಜು ಲಾಭ ತೋರಿಸಲು ಬಿಡುವ 44ಎಡಿ ಕಲಮಿನಲ್ಲಿ ಶೇ. 6 ಲಾಭ ತೋರಿಸಿದರೆ ಸಾಕು ಅನ್ನಬಹುದು. ಅದೂ ತಪ್ಪು. ಕಮಿಷನ್, ದಲ್ಲಾಳಿ ಆದಾಯ ಇರುವವರಿಗೆ 44ಎಡಿ ಇಲ್ಲ ಎಂದು ಕಾನೂನಿನಲ್ಲೇ ಬರೆದಿದೆ. ನಿಮ್ಮದು ಐಟಿಆರ್-3. ವ್ಯಾಪಾರದ ಆದಾಯ 2.5 ಲಕ್ಷ ದಾಟಿದ್ದರಿಂದ ಲೆಕ್ಕಪುಸ್ತಕವೂ ಇಡಬೇಕು. ಭಯಪಡುವಂಥದ್ದೇನಲ್ಲ, ದಿನಸಿ ಅಂಗಡಿಯ ಉದ್ರಿ ಪುಸ್ತಕದಷ್ಟು ಶಿಸ್ತು ಇದ್ದರೆ ಸಾಕು.

ಐಟಿಆರ್-3 ದೊಡ್ಡ ಫಾರಂ, ನಿಜ. ಆದರೆ ಅದರಲ್ಲಿ ನಿಮಗೊಂದು ಲಾಭ ಇದೆ: ಖರ್ಚು ಕಳೆಯಬಹುದು. ಡೆಮೊ ಕೊಡಲು ಓಡಾಡಿದ ಪೆಟ್ರೋಲ್, ಫೋನ್ ಬಿಲ್ಲಿನ ವ್ಯಾಪಾರದ ಪಾಲು, ತೋರಿಸಲು ತೆರೆದ ಸ್ಯಾಂಪಲ್ ಬಾಟಲಿಗಳು, ಜಾತ್ರೆಯಲ್ಲಿ ಹಾಕಿದ ಸ್ಟಾಲಿನ ಬಾಡಿಗೆ, ಕೊರಿಯರ್, ಮನೆಗೆ ಕರೆದು ಮೀಟಿಂಗ್ ಮಾಡಿದಾಗಿನ ಟೀ ತಿಂಡಿ. ಬಿಲ್ ಇರಲಿ, ಇಲ್ಲದಿದ್ದರೆ ಯುಪಿಐ ದಾಖಲೆಯಾದರೂ ಇರಲಿ. ಸನ್ಮಾನಕ್ಕೆಂದು ತಗೊಂಡ ರೇಷ್ಮೆ ಸೀರೆಯನ್ನು ಇದರಲ್ಲಿ ಸೇರಿಸಬೇಡಿ. ಕೇಳುವವರು ಬಹಳ, ಒಪ್ಪುವ ಅಧಿಕಾರಿಯನ್ನು ನಾನಂತೂ ಕಂಡಿಲ್ಲ. ಪಟ್ಟಾಯದಲ್ಲಿ ಸ್ವಂತಕ್ಕೆ ಮಾಡಿದ ಶಾಪಿಂಗೂ ಖರ್ಚಲ್ಲ. ಸಂಬಳದಾರರಿಗೆ ಸಿಗುವ 75,000ದ ಸ್ಟ್ಯಾಂಡರ್ಡ್ ಡಿಡಕ್ಷನ್ ನಿಮಗಿಲ್ಲ.

ವರ್ಷದ ಖರ್ಚು 70,000 ಎಂದು ಇಟ್ಟುಕೊಳ್ಳಿ. ಕಮಿಷನ್ 4,20,000, ಸವಲತ್ತು 1,50,000, ಒಟ್ಟು 5,70,000. ಖರ್ಚು ಕಳೆದರೆ 5,00,000. ಹೊಸ ಪದ್ಧತಿಯಲ್ಲಿ ಮೊದಲ 4 ಲಕ್ಷಕ್ಕೆ ತೆರಿಗೆ ಇಲ್ಲ, ಮೇಲಿನ ಒಂದು ಲಕ್ಷಕ್ಕೆ ಶೇ. 5ರಂತೆ 5,000. 12 ಲಕ್ಷದೊಳಗಿನ ಆದಾಯಕ್ಕೆ 87ಎ ರಿಯಾಯಿತಿ ಇರುವುದರಿಂದ ಅದೂ ಸೊನ್ನೆ. ಈಗಾಗಲೇ ಹೋಗಿರುವುದು: ಕಮಿಷನ್ ಮೇಲೆ ಶೇ. 2ರಂತೆ 8,400, ಟ್ರಿಪ್ಪಿನ 15,000. ಇಷ್ಟೇ ಅಲ್ಲ. ಮಗಳ ವಿದೇಶಿ ಪ್ಯಾಕೇಜಿಗೆ ಟ್ರಾವೆಲ್ಸ್‌ನವರು ಶೇ. 5ರಂತೆ ಟಿಸಿಎಸ್ (ಮಾರುವವರು ಬೆಲೆಯ ಜೊತೆ ವಸೂಲಿ ಮಾಡಿ ಸರ್ಕಾರಕ್ಕೆ ಕಟ್ಟುವ ತೆರಿಗೆ) ತೆಗೆದುಕೊಂಡಿರಬೇಕು, 42,000ಕ್ಕೆ 2,100. ಅದು ನಿಮ್ಮ ಪ್ಯಾನ್‌ಗೆ ಬಂದಿದೆಯೋ, ಯಜಮಾನರ ಪ್ಯಾನ್‌ಗೋ, ಗುಂಪಿನ ಬುಕಿಂಗ್ ಎಂದು ಕಂಪನಿ ಪ್ಯಾನ್‌ಗೋ ನೋಡಿ. ಇದನ್ನು ಗಮನಿಸದೆ ಬಿಡುವವರೇ ಹೆಚ್ಚು. ನಿಮ್ಮದರಲ್ಲೇ ಇದ್ದರೆ ಒಟ್ಟು 25,500 ವಾಪಸ್. ರಿಟರ್ನನ್ನು ಗಡುವಿನೊಳಗೆ ಹಾಕಿ, 30 ದಿನದೊಳಗೆ ಇ-ವೆರಿಫೈ ಮಾಡಿ, ಬ್ಯಾಂಕ್ ಖಾತೆ ಪೋರ್ಟಲಿನಲ್ಲಿ ಮಾನ್ಯವಾಗಿದೆಯೇ ಎಂದೂ ಪರೀಕ್ಷಿಸಿ.

ನಿಮ್ಮ ಕಥೆ ಸುಖಾಂತ. ನಿಮ್ಮ ಮೇಲಿನ ಸಾಲಿನವರ, ಅಂದರೆ ಅಪ್‌ಲೈನ್‌ಗಳ ಕಥೆ ಹಾಗಿರಬೇಕಿಲ್ಲ. ಹಾವೇರಿ ಕಡೆಯ ಒಬ್ಬ ಮಹಿಳೆ ನನ್ನ ಹತ್ತಿರ ಬಂದಿದ್ದರು. ಕಮಿಷನ್ 14 ಲಕ್ಷ, ಖರ್ಚು ಎರಡೂವರೆ ಲಕ್ಷ, ನಿವ್ವಳ ಹನ್ನೊಂದೂವರೆ. 12 ಲಕ್ಷದೊಳಗಿದ್ದೇನೆ, ತೆರಿಗೆ ಇಲ್ಲ, ಕಮಿಷನ್ನಿನಲ್ಲಿ ಕಡಿದ 28,000 ವಾಪಸ್ ಬರುತ್ತದೆ ಎಂದು ನೆಮ್ಮದಿಯಾಗಿದ್ದರು. 26ಎಎಸ್ ತೆಗೆದರೆ ಅವರಿಗೂ 1,50,000ದ ಟ್ರಿಪ್. ಆದಾಯ 13 ಲಕ್ಷವಾಯಿತು, 87ಎ ರಿಯಾಯಿತಿ ಪೂರ್ತಿ ಕೈತಪ್ಪಿತು. ತೆರಿಗೆ 75,000, ಸೆಸ್ ಸೇರಿ 78,000. ಟಿಡಿಎಸ್ ಎಲ್ಲ ಕೂಡಿ 43,000 ಹೋಗಿತ್ತು, ಇನ್ನೂ 35,000 ಬಡ್ಡಿ ಸಮೇತ ಕಟ್ಟಬೇಕಾಯಿತು. 'ಟ್ರಿಪ್ಪಿನ ಟ್ಯಾಕ್ಸ್ ಕಂಪನಿಯೇ ಕಟ್ಟಿದೆ ಅಂದರಲ್ಲ ಸರ್' ಎಂದರು. ಕಂಪನಿ ಕಟ್ಟಿದ್ದು ಶೇ. 10 ಮಾತ್ರ. ಉಳಿದದ್ದು ಅವರವರ ಸ್ಲ್ಯಾಬಿಗೆ ಬಿಟ್ಟದ್ದು. ಜನವರಿಯಲ್ಲೇ ಕೇಳಿದ್ದರೆ ಮಾರ್ಚ್ 15ರೊಳಗೆ ಮುಂಗಡ ತೆರಿಗೆ ಕಟ್ಟಿಸಿ ಬಡ್ಡಿಯ ಬಹುಪಾಲನ್ನಾದರೂ ಉಳಿಸಬಹುದಿತ್ತು.

ನಿಮ್ಮ ಟೀಮಿನ ನಲವತ್ತು ಜನರಿಗೆ ದೀಪಾವಳಿಗೆ ಕುಕ್ಕರ್ ಹಂಚುತ್ತೀರಾದರೆ ನೀವೂ ಟಿಡಿಎಸ್ ಕಡಿಯಬೇಕೇ ಎಂದು ಹೆದರಬೇಡಿ. ಹಿಂದಿನ ವರ್ಷದ ವಹಿವಾಟು 1 ಕೋಟಿ ದಾಟದ ವ್ಯಕ್ತಿಗೆ ಆ ಹೊಣೆ ಇಲ್ಲ. ಇನ್ನು 2026ರ ಏಪ್ರಿಲ್ 1ರಿಂದ ಆದಾಯ ತೆರಿಗೆ ಕಾಯ್ದೆ 2025 ಜಾರಿಗೆ ಬಂದಿದೆ. ಅದರಲ್ಲಿ 194ಆರ್ ಎಂಬ ಹೆಸರೇ ಇರದು, ಸಂಬಳದ್ದೊಂದು ಬಿಟ್ಟು ಉಳಿದ ಟಿಡಿಎಸ್ ಕಲಮುಗಳು 393ರೊಳಗೆ ಸೇರಿವೆ. ನಿಮ್ಮ ಪಟ್ಟಾಯದ ಲೆಕ್ಕ 2025-26ರದ್ದಾದ್ದರಿಂದ ಹಳೆಯ ಕಾಯ್ದೆಯೇ.

ಕೊನೆಗೆ ದುಬೈ. ಬೇಡ ಅನ್ನಬೇಕಾದ ಕಾರಣ ನಿಮಗೇನೂ ಇಲ್ಲ, ನಿವ್ವಳ ಆದಾಯ ಟ್ರಿಪ್ ಸೇರಿಯೂ 12 ಲಕ್ಷದಿಂದ ದೂರವೇ ಇದೆ. ಟಾರ್ಗೆಟ್ ಮುಟ್ಟಿಯೂ ಹೋಗದೆ, ಯಾರನ್ನೂ ಕಳಿಸದೆ, ಬದಲಿಗೆ ಏನನ್ನೂ ಪಡೆಯದೆ ಬಿಟ್ಟುಕೊಟ್ಟರೆ ಆದಾಯವೂ ಇಲ್ಲ, ತೆರಿಗೆಯೂ ಇಲ್ಲ. ಬದಲಿಗೆ ನಗದು ಕೊಟ್ಟರೆ ಅದಕ್ಕೂ ತೆರಿಗೆ ಇದೆ. ಆದರೆ ಹಾಗೆ ಮಾಡಿದರೆ ಕೈಯಲ್ಲಿ ದುಡ್ಡಾದರೂ ಇರುತ್ತದೆ, ಆಯ್ಕೆ ಕೊಟ್ಟರೆ ನಾನಾದರೆ ನಗದೇ ಕೇಳುತ್ತೇನೆ. ನಿಮ್ಮ ಯಜಮಾನರನ್ನು ಕೇಳದೆ ಇದನ್ನು ತೀರ್ಮಾನಿಸಬೇಡಿ, ಬುರ್ಜ್ ಖಲೀಫಾ ನೋಡುವ ಆಸೆ ಅವರಿಗೂ ಇರಬಹುದು. ಹೋಗುವುದೇ ಆದರೆ ಪಾಸ್‌ಪೋರ್ಟ್ ಪ್ರತಿ ಕಳಿಸುವ ಮೊದಲು ಕಂಪನಿಯಿಂದ ಎರಡು ಸಾಲು ಬರಹದಲ್ಲಿ ತರಿಸಿಕೊಳ್ಳಿ: ತಲೆಗೆ ಎಷ್ಟು ಮೌಲ್ಯ ಹಾಕುತ್ತಾರೆ, ಶೇ. 10ನ್ನು ಅವರು ತುಂಬುತ್ತಾರೋ ನಿಮ್ಮ ಕಮಿಷನ್ನಿನಲ್ಲಿ ಮುರಿಯುತ್ತಾರೋ.